‘ಪಾರ್ಟ್ ಇನ್ನೂ ಬಂದಿಲ್ಲ’ ಅಂದಾಗ ಏನು ಕೇಳಬೇಕು

‘ಪಾರ್ಟ್ ಇನ್ನೂ ಬಂದಿಲ್ಲ ಸಾರ್.’ ವಾರಂಟಿ ರಿಪೇರಿಗೆ ಕಾರು ಬಿಟ್ಟವರು ಈ ಮಾತು ಕೇಳಿಯೇ ಇರುತ್ತೀರಿ. ನಾನು ಒಂದು ಕಾರ್ಖಾನೆಯ ಪರ್ಚೇಸ್ ವಿಭಾಗದಲ್ಲಿದ್ದೇನೆ. ಬಿಡಿಭಾಗ ತರಿಸುವುದು, ಬಾರದಿದ್ದರೆ ಕೊಡುವವನ ಬೆನ್ನು ಹತ್ತುವುದು ನನ್ನ ದಿನನಿತ್ಯದ ಪಾಡು. ಹಾಗಾಗಿ ‘ಬಂದಿಲ್ಲ’ ಅನ್ನೋದು ನನಗೆ ಉತ್ತರವೇ ಅಲ್ಲ. ಆರ್ಡರ್ ಹೋಗಿದೆಯಾ? ಯಾವ ತಾರೀಖಿಗೆ, ಯಾವ ನಂಬರಿನಲ್ಲಿ? ಅದು ಗೊತ್ತಿಲ್ಲದೆ ಕಾಯುವುದು ಅಂದರೆ ಸುಮ್ನೆ ಕೂರುವುದು.

ನನ್ನ ಕಾರಿನ ಗೇರ್‌ಬಾಕ್ಸ್ ಕಂಟ್ರೋಲ್ ಯೂನಿಟ್ ಕೈಕೊಟ್ಟಿತ್ತು. ಎಂಜಿನ್ ಬಿಸಿಯಾದ ಮೇಲೆ ರಿವರ್ಸ್ ಬೀಳುತ್ತಲೇ ಇರಲಿಲ್ಲ. ಕಾರು ಬಿಟ್ಟು ವಾರಗಳು ಕಳೆದವು. ಫೋನ್ ಮಾಡಿದಾಗಲೆಲ್ಲ ಅದೇ ಪಲ್ಲವಿ. ಕೊನೆಗೆ ಕೌಂಟರಿನ ಎದುರು ನಿಂತು ಪಾರ್ಟ್ ನಂಬರ್ ಕೇಳಿದೆ. ಸರ್ವಿಸ್ ಅಡ್ವೈಸರ್ ಕಂಪ್ಯೂಟರ್ ನೋಡಿದರು, ಒಳಗೆ ಹೋದರು, ಬಂದರು, ಮತ್ತೆ ಕಂಪ್ಯೂಟರ್ ನೋಡಿದರು. ಆರ್ಡರೇ ಹೋಗಿರಲಿಲ್ಲ! ಕಂಪನಿಯ ಒಪ್ಪಿಗೆ ಬರಬೇಕಿತ್ತು. ಒಪ್ಪಿಗೆಗೆ ಕಳಿಸಿದ ಫೋಟೊ ಸರಿಯಿಲ್ಲ ಅಂತ ವಾಪಸ್ ಬಂದಿತ್ತು. ಅದನ್ನು ಯಾರೂ ತೆರೆದೇ ನೋಡಿರಲಿಲ್ಲ.

ಇದು ಹೀಗಾಗಲು ಕಾರಣವಿದೆ. ವಾರಂಟಿ ಕೆಲಸಕ್ಕೆ ದುಡ್ಡು ಕೊಡುವವರು ನಾವಲ್ಲ, ಕಾರು ತಯಾರಿಸಿದ ಕಂಪನಿ. ಕೆಲಸ ಮಾಡುವುದು ಡೀಲರ್. ಸಾಮಾನ್ಯವಾಗಿ ಇವೆರಡೂ ಬೇರೆ ಬೇರೆ ಸಂಸ್ಥೆಗಳು. ಯಾವ ಕೆಲಸಕ್ಕೆ ಎಷ್ಟು ಹೊತ್ತು ಅಂತ ಕಂಪನಿ ಮೊದಲೇ ಲೆಕ್ಕ ಹಾಕಿಟ್ಟಿರುತ್ತದೆ. ಅಷ್ಟಕ್ಕೆ ಮಾತ್ರ ಕೂಲಿ. ದೋಷ ಹುಡುಕಲು ಅರ್ಧ ದಿನ ಹಿಡಿದರೂ ಅದೆಲ್ಲ ಡೀಲರ್‌ಗೆ ಗಿಟ್ಟುತ್ತದೆ ಅಂತೇನಿಲ್ಲ. ಎಂಜಿನ್, ಗೇರ್‌ಬಾಕ್ಸ್‌ನಂಥ ದುಬಾರಿ ಭಾಗವಾದರೆ ಮೊದಲೇ ಅನುಮತಿ ಬೇಕಾಗುತ್ತದೆ. ಕಾರಿನ ಕಂಪ್ಯೂಟರ್ ತೋರಿಸುವ ಫಾಲ್ಟ್ ಕೋಡ್, ಫೋಟೊ ಎಲ್ಲ ಕಳಿಸಬೇಕು. ಕೆಲವೊಮ್ಮೆ ಕಂಪನಿಯ ಎಂಜಿನಿಯರ್ ಬಂದು ನೋಡುವ ತನಕ ಯಾರೂ ಸ್ಪ್ಯಾನರ್ ಮುಟ್ಟುವುದಿಲ್ಲ. ಅಷ್ಟರಲ್ಲಿ ಕೈಯಿಂದ ಕಾಸು ಕೊಡುವ ಗಿರಾಕಿ ಬಂದರೆ ವಾರಂಟಿ ಕಾರು ಹಿಂದಿನ ಸಾಲಿಗೆ ಹೋಗುತ್ತದೆ. ಇದು ಸರಿ ಅಂತ ಹೇಳುತ್ತಿಲ್ಲ, ಯಾಕೆ ಅಂತ ಹೇಳುತ್ತಿದ್ದೇನೆ.

ಅದಕ್ಕೇ ಜಗಳಕ್ಕೆ ಇಳಿಯುವ ಮೊದಲು ಕಾರು ಯಾವ ಹಂತದಲ್ಲಿ ನಿಂತಿದೆ ಅಂತ ತಿಳಿದುಕೊಳ್ಳಿ. ದೋಷವೇ ಪತ್ತೆಯಾಗಿಲ್ಲವಾ? ಅನುಮತಿ ಬಾಕಿಯಾ? ಪಾರ್ಟ್ ಬಾಕಿಯಾ? ಅಥವಾ ಪಾರ್ಟ್ ಬಂದು ಮೆಕ್ಯಾನಿಕ್ ಬಿಡುವಾಗಿಲ್ಲವಾ? ಕೊನೆಯದು ಪೂರ್ತಿ ಡೀಲರ್ ಕೈಯಲ್ಲಿರುವ ವಿಷಯ. ಅನುಮತಿ ಕೊಡುವುದು ಕಂಪನಿ. ತಪ್ಪು ಜಾಗದಲ್ಲಿ ಕೂಗಾಡಿದರೆ ಗಂಟಲು ನೋವು ಬಿಟ್ಟು ಬೇರೇನೂ ಬರಲ್ಲ.

ಪಾರ್ಟ್ ನಿಜವಾಗಿಯೂ ಬಾಕಿ ಇದ್ದರೆ, ಆರ್ಡರ್ ಯಾವ ಬಗೆಯದು ಅಂತ ಕೇಳಿ. ಗೋಡೌನ್ ತುಂಬಿಸಲು ಹಾಕುವ ಸ್ಟಾಕ್ ಆರ್ಡರ್ ಬೇರೆ, ತುರ್ತು ಆರ್ಡರ್ ಬೇರೆ. ಎರಡನೆಯದಕ್ಕೆ ಹಲವು ಕಂಪನಿಗಳಲ್ಲಿ ‘ವಿಒಆರ್’ ಅನ್ನುತ್ತಾರೆ, ಅಂದರೆ ವೆಹಿಕಲ್ ಆಫ್ ರೋಡ್. ಗಾಡಿ ರಸ್ತೆಗಿಳಿಯುವ ಸ್ಥಿತಿಯಲ್ಲೇ ಇಲ್ಲ, ಮೊದಲು ಇದಕ್ಕೆ ಕಳಿಸಿ ಅಂತ. ಈ ಒಂದು ಪದ ಹೇಳಿದ ಕೂಡಲೇ ಕೌಂಟರಿನ ಆಚೆಯವರು ಸ್ವಲ್ಪ ನೆಟ್ಟಗೆ ಕೂರುತ್ತಾರೆ. ಪಾರ್ಟ್ ನಂಬರ್ ಬದಲಾಗಿದೆಯಾ ಅಂತಲೂ ಕೇಳಿ. ಹಳೇ ನಂಬರ್ ನಿಂತು ಹೊಸದು ಬಂದಿರುತ್ತದೆ, ಆದರೆ ಆರ್ಡರ್ ಹಳೆಯದಕ್ಕೇ ಹೋಗಿರುತ್ತದೆ. ನಮ್ಮ ಕಾರ್ಖಾನೆಯಲ್ಲಿ ಇದು ಮಾಮೂಲು. ಬೇರೆ ಡೀಲರ್ ಬಳಿ ಆ ಪಾರ್ಟ್ ಶೆಲ್ಫಿನಲ್ಲೇ ಇದ್ದರೂ ಇರಬಹುದು. ವಾರಂಟಿ ಕೊಟ್ಟಿದ್ದು ಕಂಪನಿ ಆಗಿದ್ದರೆ ಸಾಮಾನ್ಯವಾಗಿ ಅದರ ಯಾವ ಅಧಿಕೃತ ವರ್ಕ್‌ಶಾಪಿನಲ್ಲಾದರೂ ಕೆಲಸ ಮಾಡಿಸಬಹುದು. ಕಾರು ಕೊಂಡ ಜಾಗಕ್ಕೇ ಅಂಟಿಕೊಳ್ಳಬೇಕಿಲ್ಲ.

ಕಾರು ಓಡಿಸಲು ಅಪಾಯವಿಲ್ಲ ಅಂದರೆ ಪಾರ್ಟ್ ಬರುವ ತನಕ ಮನೆಗೆ ತರುವುದೂ ಒಂದು ದಾರಿ. ಬ್ರೇಕ್, ಸ್ಟೀರಿಂಗ್, ಏರ್‌ಬ್ಯಾಗ್ ವಿಷಯದಲ್ಲಿ ಮಾತ್ರ ಬೇಡ. ತರುವ ಮುನ್ನ ದೋಷ ಇನ್ನೂ ಇದೆ, ಪಾರ್ಟ್‌ಗೆ ಕಾಯುತ್ತಿದ್ದೇವೆ ಅಂತ ಬರೆಸಿಕೊಳ್ಳಿ. ಇಲ್ಲದಿದ್ದರೆ ಜಾಬ್ ಕಾರ್ಡ್, ಅಂದರೆ ಕಾರು ಬಿಡುವಾಗ ದೋಷ ಬರೆದುಕೊಳ್ಳುವ ಚೀಟಿ, ಮುಚ್ಚಿ ‘ಸರಿಪಡಿಸಲಾಗಿದೆ’ ಅಂತ ಬಿದ್ದಿರುತ್ತದೆ. ಇದರಲ್ಲಿ ಒಂದು ತೊಡಕಿದೆ. ಕಾರು ವರ್ಕ್‌ಶಾಪಿನಲ್ಲಿ ನಿಂತ ದಿನಗಳ ಲೆಕ್ಕದ ಮೇಲೆ ಹಕ್ಕು ಕೊಡುವ ಕಾನೂನು ನಿಮ್ಮಲ್ಲಿದ್ದರೆ, ನೀವು ಓಡಿಸಿದ ದಿನಗಳನ್ನು ಲೆಕ್ಕಕ್ಕೆ ಹಿಡಿಸುವುದು ಕಷ್ಟ.

ಆ ಕಾನೂನು ದೇಶಕ್ಕೊಂದು ಥರ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಹೊಸ ಕಾರು ಮೊದಲ 18 ತಿಂಗಳು ಅಥವಾ 18,000 ಮೈಲಿಯೊಳಗೆ ವಾರಂಟಿ ರಿಪೇರಿಗೆ ಅಂತ ಒಟ್ಟು 30 ದಿನಕ್ಕಿಂತ ಜಾಸ್ತಿ ನಿಂತರೆ, ಕಾರು ಬದಲಿಸಿ ಅಥವಾ ದುಡ್ಡು ವಾಪಸ್ ಕೊಡಿ ಅಂತ ಕೇಳಲು ಗಟ್ಟಿ ಆಧಾರ ಸಿಗುತ್ತದೆ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕು ಕಾಯ್ದೆಯಲ್ಲಿ ರಿಪೇರಿಗೆ ದಿನದ ಲೆಕ್ಕ ಇಲ್ಲ. ‘ಸಮಂಜಸ ಸಮಯದಲ್ಲಿ, ಗ್ರಾಹಕರಿಗೆ ಹೆಚ್ಚಿನ ತೊಂದರೆ ಕೊಡದೆ’ ಸರಿಮಾಡಬೇಕು, ಆಗದಿದ್ದರೆ ಬೆಲೆ ಇಳಿಸಿ ಅಥವಾ ಕಾರು ವಾಪಸ್ ತಗೊಳ್ಳಿ ಅನ್ನಬಹುದು. ಅಲ್ಲಿ ಈ ಹೊಣೆ ಮಾರಿದವನದು, ತಯಾರಿಸಿದವನದಲ್ಲ. ಐರೋಪ್ಯ ಒಕ್ಕೂಟದ 2019ರ ನಿರ್ದೇಶನವೂ ಹೆಚ್ಚುಕಮ್ಮಿ ಹೀಗೇ. ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ಕಾರಿಗೆ ಅಂತ ಇಷ್ಟೇ ದಿನ ಅನ್ನುವ ನಿಯಮವಿಲ್ಲ. ಆದರೆ ವಿನಾಕಾರಣ ಎಳೆದಾಡಿದ್ದನ್ನು ಸೇವಾ ನ್ಯೂನತೆ ಅಂತ ವಾದಿಸಬಹುದು. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲಿ ಬಗೆಹರಿಯದಿದ್ದರೆ ಗ್ರಾಹಕ ಆಯೋಗ. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ.

ಯಾವ ದೇಶದಲ್ಲೇ ಆಗಲಿ, ಅಲ್ಲಿ ತನಕ ಹೋದಾಗ ಮೊದಲು ಕೇಳುವುದು ಕಾಗದ. ಬಿಟ್ಟ ದಿನದ ಜಾಬ್ ಕಾರ್ಡ್ ಇದೆಯಾ, ಅದರಲ್ಲಿ ದೋಷ ನಿಮ್ಮ ಮಾತಿನಲ್ಲೇ ಇದೆಯಾ? ನನ್ನದರಲ್ಲಿ ಬರೀ ‘ಗೇರ್ ಚೆಕ್’ ಅಂತ ಇತ್ತು. ನಿಂತು ‘ಬಿಸಿಯಾದ ಮೇಲೆ ರಿವರ್ಸ್ ಬೀಳುವುದಿಲ್ಲ’ ಅಂತ ತಿದ್ದಿಸಿದೆ. ಫೋನಿನಲ್ಲಿ ಆಡಿದ ಮಾತನ್ನು ಅವತ್ತೇ ಎರಡು ಸಾಲಿನ ಇಮೇಲ್ ಮಾಡುತ್ತಿದ್ದೆ: ‘ಇಂದು ನೀವು ಹೀಗೆ ಹೇಳಿದಿರಿ, ಮುಂದಿನ ಸೋಮವಾರದೊಳಗೆ ತಿಳಿಸುತ್ತೇನೆ ಅಂದಿರಿ.’ ಇದಕ್ಕೆ ಉತ್ತರ ಬರದಿದ್ದರೂ ಪರವಾಗಿಲ್ಲ, ತಾರೀಖು ದಾಖಲಾಯಿತಲ್ವಾ?

ಡೀಲರ್ ಹತ್ತಿರ ಕೆಲಸ ಆಗದಿದ್ದಾಗ ಕಂಪನಿಯ ಕಸ್ಟಮರ್ ಕೇರ್‌ಗೆ ದೂರು ಕೊಟ್ಟು ಕೇಸ್ ನಂಬರ್ ತಗೊಂಡೆ. ಕಾರಿನ ವಿಐಎನ್ (17 ಅಕ್ಷರ-ಅಂಕಿಗಳ ಗುರುತಿನ ನಂಬರ್), ಜಾಬ್ ಕಾರ್ಡ್ ನಂಬರ್, ಕಾರು ಬಿಟ್ಟ ತಾರೀಖು ಬರೆದೆ. ಬೈಗುಳ ಒಂದೂ ಇಲ್ಲ. ಕೊನೆಗೆ ನನಗೇನು ಬೇಕು ಅಂತ ಸ್ಪಷ್ಟವಾಗಿ ಬರೆದೆ: ಅನುಮತಿ ಯಾವಾಗ ಅಂತ ಲಿಖಿತ ಉತ್ತರ, ಅಲ್ಲಿ ತನಕ ಓಡಾಡಲು ಬದಲಿ ಕಾರು, ನಿಂತಷ್ಟು ದಿನ ವಾರಂಟಿ ಮುಂದಕ್ಕೆ. ಬದಲಿ ಕಾರು ನಿಮ್ಮ ವಾರಂಟಿ ಪುಸ್ತಕದಲ್ಲಿ ಇಲ್ಲದಿದ್ದರೂ ಕೇಳಿ. ಸೌಜನ್ಯಕ್ಕೆ ಅಂತ ಕಂಪನಿಗಳು ಕೊಡುವುದುಂಟು, ಆದರೆ ಕೇಳದವರಿಗೆ ತಾವಾಗಿ ಕೊಡುವುದು ಕಮ್ಮಿ.

ಸಿಟ್ಟಿನಲ್ಲಿ ಸಾಲದ ಕಂತು ನಿಲ್ಲಿಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಸಾಮಾನ್ಯವಾಗಿ ಸಾಲ ಕೊಟ್ಟವರಿಗೂ ನಿಮ್ಮ ಗೇರ್‌ಬಾಕ್ಸಿಗೂ ಸಂಬಂಧವಿಲ್ಲ. ಹೊರಗಿನ ಗ್ಯಾರೇಜಿನಲ್ಲಿ ಮಾಡಿಸಿ ಬಿಲ್ ಕಳಿಸುವುದೂ ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ಬೇಡ. ಆಮೇಲೆ ಆ ಗೇರ್‌ಬಾಕ್ಸಿಗೆ ಏನಾದರೂ ‘ಹೊರಗೆ ಬಿಚ್ಚಿದ್ದಾರೆ’ ಅಂತ ಕೈ ತೊಳೆದುಕೊಳ್ಳುತ್ತಾರೆ.

ಕಾರು ತರಲು ಹೋದಾಗ ಟೈರಿನ ಗಾಳಿ, ಸ್ಟಾರ್ಟಿಂಗ್ ಬ್ಯಾಟರಿ ನೋಡಿ. ನಿಂತಲ್ಲೇ ನಿಂತ ಕಾರಿನಲ್ಲಿ ಮೊದಲು ಸೊರಗುವುದು ಅವೇ. ನನ್ನದರಲ್ಲಿ ಬ್ಯಾಟರಿ ಪೂರ್ತಿ ಮಲಗಿತ್ತು. ಚಾರ್ಜ್ ಮಾಡಿಸಿ, ಪರೀಕ್ಷಿಸಿದ ಚೀಟಿ ತಗೊಂಡೇ ಹೊರಟೆ. ರಿವರ್ಸ್ ಈಗ ಸಲೀಸಾಗಿ ಬೀಳುತ್ತದೆ. ವಾರಂಟಿ ಮುಂದಕ್ಕೆ ಹಾಕುವ ಪತ್ರ ಮಾತ್ರ ಇನ್ನೂ ಬಂದಿಲ್ಲ, ಅದಕ್ಕೆ ಬೇರೆಯೇ ಒಂದು ಕೇಸ್ ನಂಬರ್ ತಗೊಂಡಿದ್ದೇನೆ.