112 ಒತ್ತಿದರೆ ಮಲಯಾಳದಲ್ಲಿ ಉತ್ತರ

ತುರ್ತು ಕರೆಗಷ್ಟೇ ಮೀಸಲಾದ ಸಾರ್ವಜನಿಕ ಫೋನ್ ಕೂರಿಸುವಾಗ ತೀರಾ ಸುಲಭದ ಕೆಲಸವೆಂದರೆ ಬೇರೆ ಕರೆಗಳನ್ನು ತಡೆಯುವುದು. ಯಾವ ಸಂಖ್ಯೆ ಎಲ್ಲಿಗೆ ಹೋಗಬೇಕೆಂದು ಹೇಳುವ ಡಯಲ್ ಪ್ಲಾನಿನಲ್ಲಿ ನಾಲ್ಕು ಸಾಲು ಬರೆದರೆ ಮುಗಿಯಿತು. ಆದರೆ ಕೇರಳದ ಗಡಿಯಲ್ಲಿರುವ ಕೊಡಗಿನ ಕುಟ್ಟದ ಕಡೆಯ ಒಂದು ಕಾಫಿ ತೋಟದ ಆಡಳಿತದವರು ಕರೆದ ಪ್ರತಿ ಮೀಟಿಂಗಿನಲ್ಲೂ ಚರ್ಚೆಯಾದದ್ದು ಅದೊಂದೇ. "ಇದರಿಂದ ಯಾರೂ ಊರಿಗೆ ಫೋನ್ ಮಾಡುವಂತಿಲ್ಲ ತಾನೇ?" ಎಂದು ಮ್ಯಾನೇಜರ್ ಕೇಳುವರು, ಇಲ್ಲ ಎಂದು ಫೋನ್ ಕೂರಿಸುವ ನಾವು ಹೇಳುವೆವು. ಒತ್ತಿದ ಕರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬ ಪ್ರಶ್ನೆ ಒಮ್ಮೆಯೂ ಬರಲಿಲ್ಲ.

ಫೋನ್ ಇದ್ದದ್ದು ಗೇಟಿನ ಎದುರಿನ ಬಸ್ ತಂಗುದಾಣದಲ್ಲಿ. ಲೈನ್ ಮನೆಗಳಲ್ಲಿರುವ ತೋಟದ ಕೆಲಸದವರಾಗಲಿ, ದಾರಿಹೋಕರಾಗಲಿ ಯಾರು ಬೇಕಾದರೂ ಎತ್ತಬಹುದು. ಆನೆ ದಾಟುವ ಜಾಗ, ತಗ್ಗು, ಮೊಬೈಲ್ ಸಿಗ್ನಲ್ ಸೊನ್ನೆ. ತೋಟದ ಆಫೀಸು ಮಾತ್ರ ಗುಡ್ಡದ ಮೇಲಿದೆ. ಅಲ್ಲಿ ಕರೆಗಳನ್ನು ದಾರಿಗೆ ಹಚ್ಚುವ ಆಸ್ಟರಿಸ್ಕ್ ಪೆಟ್ಟಿಗೆ, ಅದಕ್ಕೆ ಮಾಮೂಲಿ ಫೋನ್ ಜೋಡಿಸುವ ಎಟಿಎ, ಸಿಮ್ ಹಾಕಿ ಮೊಬೈಲ್ ಜಾಲಕ್ಕೆ ಕರೆ ಕಳುಹಿಸುವ ಜಿಎಸ್‌ಎಂ ಗೇಟ್‌ವೇ ಇಟ್ಟು, ಕೆಳಗಿನ ತಂಗುದಾಣಕ್ಕೆ ಎರಡೆಳೆಯ ಕೇಬಲ್ ಎಳೆದೆವು. ಫೈಬರ್ ಲ್ಯಾಂಡ್‌ಲೈನ್ ಕೂಡ ಇತ್ತು. ಆದರೆ ಮಳೆಗಾಲದಲ್ಲಿ ಸಿಲ್ವರ್ ಓಕ್ ಕೊಂಬೆ ಮುರಿದು ಬಿದ್ದರೆ ಮೊದಲು ಹರಿಯುವುದು ಆ ಫೈಬರ್. ಹಾಗಾಗಿ ಕರೆ ಹೊರಹೋಗುವ ಮುಖ್ಯ ದಾರಿ (ಟ್ರಂಕ್) ಸಿಮ್ ಆಯಿತು, ಲ್ಯಾಂಡ್‌ಲೈನನ್ನು ಬಿಟ್ಟೇಬಿಟ್ಟೆವು. ಗುಡ್ಡದ ಮೇಲೆ ಸಿಗ್ನಲ್ಲಿಗೇನೂ ಕೊರತೆಯಿರಲಿಲ್ಲ. ಎರಡು ರಾಜ್ಯಗಳದ್ದೂ ಬರುತ್ತಿತ್ತು.

ಮೊದಲ ಟೆಸ್ಟ್ ಕರೆಯಲ್ಲೇ ಅದರ ರುಚಿ ಸಿಕ್ಕಿತು. 112 ಒತ್ತಿದೆ. "ಎಂದಾಣು ಪ್ರಶ್ನಂ?" ಎಂದಿತು ಆ ಕಡೆಯ ಧ್ವನಿ; ಏನು ತೊಂದರೆ ಎಂದು, ಮಲಯಾಳದಲ್ಲಿ. 112 ದೇಶಕ್ಕೆಲ್ಲ ಒಂದೇ ಸಂಖ್ಯೆಯಾದರೂ ಉತ್ತರಿಸುವವರು ಆಯಾ ರಾಜ್ಯದ ನಿಯಂತ್ರಣ ಕೊಠಡಿಯವರು. ಯಾವ ರಾಜ್ಯ ಎಂದು ತೀರ್ಮಾನಿಸುವುದು ಟವರ್. ಸಿಮ್ ಕೊಂಡವರ ವಿಳಾಸಕ್ಕೆ ಅಲ್ಲಿ ಬೆಲೆಯಿಲ್ಲ. ಕ್ಷಮೆ ಕೇಳಿ ಇಟ್ಟೆ. ಜೊತೆಗಿದ್ದ ಹುಡುಗ ಬಿದ್ದು ಬಿದ್ದು ನಕ್ಕ. ಆಮೇಲೆ ಗೇಟ್‌ವೇಯ ಸೆಟ್ಟಿಂಗ್‌ನಲ್ಲಿ ನೆಟ್‌ವರ್ಕ್ ಆಯ್ಕೆಯನ್ನು ಮ್ಯಾನ್ಯುಯಲ್ ಮಾಡಿ 404-71ಕ್ಕೆ ಬಿಗಿದೆ. ಅದು ಬಿಎಸ್‌ಎನ್‌ಎಲ್‌ನ ಕರ್ನಾಟಕ ವೃತ್ತದ ಕೋಡ್; ಕೇರಳದ್ದು 404-72. ಮತ್ತೆ ಒತ್ತಿದಾಗ ಸ್ವಚ್ಛ ಕನ್ನಡದಲ್ಲಿ ಉತ್ತರ ಬಂತು. ಆಂಬುಲೆನ್ಸಿನ 108 ಕೂಡ ಸರಿ. ಮ್ಯಾನೇಜರ್ ತಮ್ಮ ಮನೆಯ ನಂಬರ್ ಒತ್ತಿ ನೋಡಿ, ಕರೆ ಹೋಗಲಿಲ್ಲವೆಂದು ತೃಪ್ತರಾಗಿ ಸಹಿ ಹಾಕಿದರು.

ಅದು ಬೇಸಿಗೆಯ ಬಿಸಿಲಿನ ಮಧ್ಯಾಹ್ನ, ಕರೆಂಟ್ ಇದ್ದ ಹೊತ್ತು.

ಜುಲೈ ಮಳೆಯಲ್ಲಿ ಕರೆಂಟ್ ಹೋಗಿ ಎರಡನೆಯ ರಾತ್ರಿ. ಲೈನ್ ಮನೆಯ ಹೆಂಗಸೊಬ್ಬರಿಗೆ ಸೌದೆ ತೆಗೆಯುವಾಗ ಹಾವು ಕಚ್ಚಿತು. ಅವರ ಮಗ ತಂಗುದಾಣಕ್ಕೆ ಓಡಿ ಬಂದು 108 ಒತ್ತಿದ. ಕೀಂ ಕೀಂ ಎಂದಿತು. ಮತ್ತೆ ಒತ್ತಿದ, ಮತ್ತೆ ಅದೇ. 112 ಒತ್ತಿದಾಗ ಕರೆ ಹೋಯಿತು, ಮಲಯಾಳ ಬಂತು. ಅವನು ಯರವ ಬುಡಕಟ್ಟಿನ ಹುಡುಗ. ಗಾಬರಿಯಲ್ಲಿ ಅವನಿಗೆ ತನ್ನ ಮಾತೇ ಹೊರಡುತ್ತಿರಲಿಲ್ಲ. ಗೇಟಿನ ಕಾವಲುಗಾರರು ಬಂದು ರಿಸೀವರ್ ಕಸಿದುಕೊಂಡರು. ಅವರಿಗೆ ಮಲಯಾಳ ನೀರು ಕುಡಿದಷ್ಟು ಸಲೀಸು. "ಎವಿಡೆಯಾಣು?" (ಎಲ್ಲಿ?) ಎಂದು ಆ ಕಡೆಯವರು ಕೇಳಿದರೆ ಇವರು ಕುಟ್ಟ ಎಂದರು. ಜಿಲ್ಲೆ? ಕೊಡಗು. ಆ ಕಡೆ ಸ್ವಲ್ಪ ಮೌನ. ಪೊಲೀಸ್ ಠಾಣೆ ಯಾವುದು, ಕೇರಳದ ಕಾಟ್ಟಿಕುಳದಿಂದ ಎಷ್ಟು ದೂರ ಎಂದೆಲ್ಲ ಕೇಳಿ, ಕರ್ನಾಟಕಕ್ಕೆ ತಿಳಿಸುತ್ತೇವೆ, ಲೈನಿನಲ್ಲೇ ಇರಿ ಎಂದರು. ಕಾವಲುಗಾರರು ಲೈನಿನಲ್ಲೇ ಇದ್ದರು. ಒಂದು ಕೈಯಲ್ಲಿ ರಿಸೀವರ್, ಇನ್ನೊಂದರಲ್ಲಿ ಟಾರ್ಚ್. ಹೆಂಡಸ್ತಿಯನ್ನು ಹೊತ್ತು ತಂದ ಗಂಡ ಬೆಂಚಿನ ಮೇಲೆ ಅವರ ಕಾಲನ್ನು ಅಲುಗದಂತೆ ಹಿಡಿದು ಕೂತಿದ್ದ. ಆಂಬುಲೆನ್ಸ್ ಹೊರಟಿದೆಯೋ ಇಲ್ಲವೋ, ಹೊರಟಿದ್ದರೆ ಯಾವ ರಾಜ್ಯದ್ದು, ಯಾರಿಗೂ ಗೊತ್ತಿಲ್ಲ. ಕೊನೆಗೆ ಕಾವಲುಗಾರರೇ ರಿಸೀವರನ್ನು ನೇತಾಡಲು ಬಿಟ್ಟು, ಜೀಪ್ ಡ್ರೈವರನ್ನು ಎಬ್ಬಿಸಿ, ಗೋಣಿಕೊಪ್ಪಕ್ಕೆ ಕಳುಹಿಸಿದರು. ಹೆಂಗಸು ಉಳಿದರು. ಅದಕ್ಕೆ ಕಾರಣ ಜೀಪು. ನಮ್ಮ ಫೋನ್ ಅಲ್ಲ.

ಮರುದಿನ ಲಾಗ್ ತೆಗೆದಾಗ ಎಲ್ಲವೂ ಬಿಡಿಸಿಟ್ಟ ಹಾಗಿತ್ತು. ಕರೆಂಟಿಲ್ಲದೆ ನಮ್ಮ ಕಡೆಯ ಟವರಿನ ಬ್ಯಾಟರಿ ಮಲಗಿದೆ. 404-71 ಮಾಯ. 108 ಜಿಎಸ್‌ಎಂ ಮಾಡ್ಯೂಲಿನ ಕಣ್ಣಿಗೆ ಮಾಮೂಲಿ ಸಂಖ್ಯೆ, ನೆಟ್‌ವರ್ಕ್ ಇಲ್ಲದಿದ್ದರೆ ಹೋಗುವುದಿಲ್ಲ. 112 ಹಾಗಲ್ಲ. ಅದು ಜಿಎಸ್‌ಎಂ ಮಾನದಂಡದಲ್ಲೇ ತುರ್ತು ಸಂಖ್ಯೆ. ನಾನು ಯಾವ ಕೋಡಿಗೆ ಬಿಗಿದಿದ್ದರೂ, ಕೈಗೆ ಸಿಕ್ಕ ಟವರನ್ನು ಹಿಡಿದು ಹೋಗುತ್ತದೆ. ಹೋಗಲೇಬೇಕು, ಅದಿರುವುದೇ ಅದಕ್ಕೆ. ನಾನು ಹಾಕಿದ ಬೀಗ ಬೀಗವೇ ಆಗಿರಲಿಲ್ಲ.

ಈಗ 112 ಮತ್ತು 108 ಮೊದಲು ಲ್ಯಾಂಡ್‌ಲೈನಿಗೆ ಹೋಗುತ್ತವೆ. ತಂತಿಗೆ ಗಡಿಯಾಚೆಯ ಟವರಿನ ಹಂಗಿಲ್ಲ. ಅದು ಸತ್ತಿದ್ದರೆ ಸಿಮ್. 108 ಎರಡರಲ್ಲೂ ಸೋತರೆ ತಾನಾಗಿ 112ಕ್ಕೆ. ವಯಸ್ಸಾದವರ ಬೆರಳು ಇನ್ನೂ ಪೊಲೀಸರ 100, ಅಗ್ನಿಶಾಮಕದ 101ಕ್ಕೇ ಹೋಗುವುದರಿಂದ ಅವನ್ನೂ 112ಕ್ಕೆ ತಿರುಗಿಸಿದ್ದೇವೆ. ಜಿಲ್ಲೆಯ ವಿಪತ್ತು ನಿಯಂತ್ರಣ ಕೊಠಡಿಯ 1077 ಸೇರಿಸಿದೆವು; 2018ರ ಮಳೆ ಕಂಡವರಿಗೆ ಅದೇಕೆಂದು ಹೇಳಬೇಕಾಗಿಲ್ಲ. ಬೇರೆ ಏನು ಒತ್ತಿದರೂ, ಅಥವಾ ರಿಸೀವರ್ ಎತ್ತಿ ಏನೂ ಒತ್ತದೆ ಐದು ಸೆಕೆಂಡ್ ನಿಂತರೂ, ಗೇಟಿನ ಕಾವಲುಗಾರರ ಎಕ್ಸ್‌ಟೆನ್ಷನ್ ರಿಂಗಾಗುತ್ತದೆ. ಮ್ಯಾನೇಜರ್ ಇದನ್ನು ಒಪ್ಪಲು ತಿಣುಕಿದರು. "ಅಂದರೆ ತಡೆದ ಕರೆಯೂ ಹೋಗುತ್ತದಲ್ಲ" ಎಂದು ಅವರ ತಕರಾರು. ಹೋಗುತ್ತದೆ, ನಿಮ್ಮದೇ ಗೇಟಿಗೆ, ಕಾಸು ಖರ್ಚಿಲ್ಲದೆ ಎಂದ ಮೇಲೆ ಸುಮ್ಮನಾದರು.

ಫೋನಿನ ಮೇಲೆ ತಂಗುದಾಣದ ಹೆಸರು, ತಾಲ್ಲೂಕು, ಹತ್ತಿರದ ಠಾಣೆ, ಅಕ್ಷಾಂಶ ರೇಖಾಂಶ ಬರೆದ ತಗಡು ಹೊಡೆದಿದ್ದೇವೆ, ಕನ್ನಡದಲ್ಲೂ ಮಲಯಾಳದಲ್ಲೂ. ಆಚೆ ಕಡೆಯವರು ಯಾರೇ ಎತ್ತಿದರೂ ಮೊದಲು ಕೇಳುವುದು ಎಲ್ಲಿದ್ದೀರಿ ಎಂದೇ. ಗಾಬರಿಯಾದವರಿಗೆ ಬಾಯಿಗೆ ಬಾರದಿರುವುದೂ ಅದೇ.

ಎರಡನೆಯ ಟೆಸ್ಟನ್ನು ಮಳೆ ಹಿಡಿದ ರಾತ್ರಿಯೇ ಮಾಡಿದೆವು, ಮೇನ್ ಸ್ವಿಚ್ ಆಫ್ ಮಾಡಿಸಿ. ಆಫೀಸಿನ ಯುಪಿಎಸ್ಸಿಗೆ ನಮ್ಮ ಲ್ಯಾಂಡ್‌ಲೈನಿನ ರೂಟರ್ ಬದಲು ಸಿಸಿಟಿವಿ ಪೆಟ್ಟಿಗೆಯನ್ನು ಚುಚ್ಚಿದ್ದು ಆಗಲೇ ಗೊತ್ತಾದದ್ದು. ಕಾಫಿ ಕಳ್ಳರ ಮುಖ ಕತ್ತಲಲ್ಲೂ ಕಾಣಬೇಕಂತೆ. ಫೋನಿಗೆಂದು ಬೇರೆ ಯುಪಿಎಸ್ ನಾನೇ ತಂದು ಇಟ್ಟೆ. ಬಿಲ್ ಕಳುಹಿಸಿದ್ದೇನೆ. "ಇದು ಮೂಲ ಕೊಟೇಶನ್ನಿನಲ್ಲಿ ಇರಲಿಲ್ಲ" ಎಂದು ಉತ್ತರ ಬಂದಿದೆ.