ಹಳಿ ಕೂಗಿದರೆ ಮೊದಲು ಆಚೆ ಬನ್ನಿ

ಹಳಿ ದುರಸ್ತಿ ಕೆಲಸಕ್ಕೆ ಸೇರಿದ ಹೊಸತು. ಬಗ್ಗಿ, ಹಳಿಯನ್ನು ಬಿಗಿಹಿಡಿಯುವ ಕ್ಲಿಪ್ ಹಾಕುತ್ತಿದ್ದೆ. ಹಳಿಯಿಂದ ‘ಚೀಂವ್’ ಅಂತ ಸಣ್ಣ ಸದ್ದು ಬಂತು, ಬಿಗಿದ ತಂತಿಗೆ ಕಲ್ಲು ಬಡಿದ ಹಾಗೆ. ತಲೆಯೆತ್ತಿ ನೋಡಿದರೆ ಎರಡೂ ಕಡೆ ಖಾಲಿ. ಎಲ್ಲೋ ಬೋಲ್ಟ್ ಸಡಿಲ ಆಗಿರಬೇಕು ಅಂದುಕೊಂಡು ಅಲ್ಲೇ ಕೂತು ಹುಡುಕತೊಡಗಿದೆ. “ಏಳೋ ಮೇಲೆ! ಮೊದಲು ಆಚೆ ಬಾ!” ಅಂತ ಮೇಸ್ತ್ರಿ ಕೂಗಿದರು. ನಾನು ಜಲ್ಲಿ ದಾಟಿ ನಿಲ್ಲುವುದಕ್ಕೂ ತಿರುವಿನಲ್ಲಿ ರೈಲು ಕಾಣುವುದಕ್ಕೂ ಸರಿಹೋಯಿತು. ಸುಮಾರು ಹೊತ್ತು ಕೈ ನಡುಗುತ್ತಲೇ ಇತ್ತು.

ಹಳಿ ಮತ್ತು ಚಕ್ರ ನೋಡಲು ನುಣುಪು, ಆದರೆ ಎರಡರ ಮೈಮೇಲೂ ಕಣ್ಣಿಗೆ ಕಾಣದಷ್ಟು ಸಣ್ಣ ಏರುತಗ್ಗು ಇರುತ್ತದೆ, ಅಷ್ಟು ಭಾರದ ಗಾಡಿ ಅದರ ಮೇಲೆ ಉರುಳಿದಾಗ ಹಳಿ ನಡುಗುತ್ತದೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಉಕ್ಕಿನಲ್ಲಿ 5 ಕಿಲೋಮೀಟರಿಗೂ ಜಾಸ್ತಿ ಹೋಗಬಲ್ಲದು. ಹಳಿ ಬಾಗಿ ನಡುಗುವಾಗ ಅಷ್ಟು ವೇಗ ಇರುವುದಿಲ್ಲ. ಆದರೆ ಅಲ್ಲೊಂದು ವಿಶೇಷ ಇದೆ: ಕೀಚಲು ದನಿ ಬೇಗ ಬರುತ್ತದೆ, ದಪ್ಪ ದನಿ ಹಿಂದೆ ಬೀಳುತ್ತದೆ. ದೂರದಲ್ಲಿ ಚಕ್ರ ‘ಟಕ್’ ಅಂತ ಬಡಿದದ್ದು ಒಂದೇ ಏಟು, ನಮ್ಮ ಹತ್ತಿರ ಬರುವಷ್ಟರಲ್ಲಿ ಅದು ಎಳೆದುಕೊಂಡು ಮೇಲಿನಿಂದ ಕೆಳಗೆ ಜಾರುವ ‘ಚೀಂವ್’ ಆಗಿರುತ್ತದೆ.

ಹಾಗಾದರೆ ಹಳಿಯೇ ಎಚ್ಚರಿಕೆ ಕೊಡುತ್ತದೆ ಅಲ್ವಾ ಅನ್ನಬೇಡಿ. ಹಳಿಯ ಕೆಳಗೆ ಅಡ್ಡಕ್ಕೆ ಹಾಸಿದ ತೊಲೆ, ಅಂದರೆ ಸ್ಲೀಪರ್ ಮೇಲಿನ ರಬ್ಬರ್ ಪ್ಯಾಡ್, ಕೆಳಗಿನ ಜಲ್ಲಿ, ಎಲ್ಲ ಸೇರಿ ನಡುಕವನ್ನು ನುಂಗಿಬಿಡುತ್ತವೆ. ಬೋಲ್ಟ್ ಹಾಕಿದ ಜಾಯಿಂಟ್ ಇದ್ದರೆ ಅಲ್ಲೂ ಒಂದಷ್ಟು ಹೋಗುತ್ತದೆ. ಬಿಸಿಲೇರಿದಾಗ ರೈಲೇ ಇಲ್ಲದೆಯೂ ಹಳಿ ಹಿಗ್ಗಿ ಚಟ್ ಅನ್ನುತ್ತದೆ. ಸದ್ದು ಕೇಳಿದರೂ ಯಾವ ಕಡೆಯಿಂದ, ಎಷ್ಟು ದೂರದಿಂದ ಅಂತ ಕಿವಿಗೆ ತಿಳಿಯುವುದಿಲ್ಲ. ಗಂಟೆಗೆ 100 ಕಿಲೋಮೀಟರ್ ವೇಗದ ರೈಲು 500 ಮೀಟರ್ ದಾಟಲು 18 ಸೆಕೆಂಡ್ ಸಾಕು. ಕೈಯಲ್ಲಿ ಭಾರದ ಸಾಮಾನು ಇದ್ದಾಗ 18 ಸೆಕೆಂಡ್ ಅಂದರೆ ಏನೂ ಅಲ್ಲ. ಹಳಿಗೆ ಕಿವಿಯಿಟ್ಟು ಆಡುವ ಹುಡುಗರನ್ನು ಕಂಡರೆ ನನಗೆ ಜೀವ ಬಾಯಿಗೆ ಬರುತ್ತದೆ.

ಅವತ್ತಿನಿಂದ ಒಂದು ಪಾಠ ಬಿಟ್ಟಿಲ್ಲ. ನೋಡಿಕೊಳ್ಳಲು ಸೀಟಿ ಹಿಡಿದ ಒಬ್ಬರು ನಿಂತಿರದಿದ್ದರೆ ಹಳಿಗೆ ಕಾಲಿಡುವುದಿಲ್ಲ. ಅವರಿಗೆ ಬೇರೆ ಯಾವ ಕೆಲಸವನ್ನೂ ಹೇಳುವುದಿಲ್ಲ, ಸುಮ್ನೆ ಒಂದು ಸ್ಪ್ಯಾನರ್ ಕೊಡಿ ಅಂತಲೂ ಕೇಳುವುದಿಲ್ಲ.

ಸದ್ದನ್ನು ಕೇಳುವುದನ್ನು ಮಾತ್ರ ಬಿಟ್ಟಿಲ್ಲ, ಆಚೆ ನಿಂತು ಕೇಳುತ್ತೇನೆ. ಒಂದೇ ಅಳತೆಯಲ್ಲಿ ‘ಟಕ್ ಟಕ್’ ಅಂತ ಬಡಿಯುತ್ತಾ ಹೋದರೆ ಚಕ್ರದ ಒಂದು ಕಡೆ ಸವೆದು ಚಪ್ಪಟೆಯಾಗಿದೆ ಅಂತ. ತಿರುವಿನಲ್ಲಿ ಕಿರ್ರೋ ಅಂದರೆ ಚಕ್ರ ಅಡ್ಡಕ್ಕೆ ಜಾರಿ ಉಜ್ಜುತ್ತಿದೆ. ಇಡೀ ರೈಲು ಒಂದು ಜಾಗದಲ್ಲಿ ಮಾತ್ರ ‘ಘೊರ್’ ಅಂದರೆ ತಪ್ಪು ಹಳಿಯದು. ಬೆಳಗ್ಗೆ ಓರೆ ಬಿಸಿಲಲ್ಲಿ ಅಲ್ಲಿ ಬಗ್ಗಿ ನೋಡಿ, ಹಳಿಯ ನೆತ್ತಿಯ ಮೇಲೆ ಕೆಲವೇ ಸೆಂಟಿಮೀಟರಿಗೊಂದರಂತೆ ಹೊಳಪು, ಮಬ್ಬು, ಹೊಳಪು, ಮಬ್ಬು ಪಟ್ಟೆ ಕಾಣುತ್ತವೆ. ಗ್ರೈಂಡಿಂಗ್ ಗಾಡಿ ಬಂದು ಉಜ್ಜಿಹೋದ ಮೇಲೆ ಅದೇ ರೈಲು ಅದೇ ಜಾಗದಲ್ಲಿ ಎಷ್ಟು ಮೆತ್ತಗೆ ಹೋಗುತ್ತದೆ ಅಂತ ಒಮ್ಮೆ ಕೇಳಬೇಕು.