ಕೊನೇ ತೂಬಿನ ನೀರು

"ಪ್ರೆಷರ್ ಜಾಸ್ತಿ ಇದ್ರೆ ರಕ್ತ ಜೋರಾಗಿ ನುಗ್ಬೇಕಲ್ರೀ ಡಾಕ್ಟ್ರೇ? ಹಾರ್ಟಿಗೆ ಒಳ್ಳೇದೇ ಆಯ್ತಲ್ಲ!"

ಮಂಗಳವಾರ ಅಪ್ಪ ಕೇಳಿದ ಈ ಪ್ರಶ್ನೆ ಇನ್ನೂ ತಲೆಯಿಂದ ಇಳಿದಿಲ್ಲ. ಹೃದಯದ ಒಂದು ರಕ್ತನಾಳ ಮುಕ್ಕಾಲು ಭಾಗ ಕಟ್ಟಿದೆ ಅಂತ ಆಂಜಿಯೋಗ್ರಾಂನಲ್ಲಿ ಹೋದ ವರ್ಷವೇ ಗೊತ್ತಾಗಿತ್ತು. ಎರಡು ತಿಂಗಳಿಂದ ಬಿಪಿ ಮಾತ್ರೆ ಬಿಟ್ಟಿದ್ದಾರೆ ಅನ್ನೋದು ಮಾತ್ರ ಅವತ್ತೇ ಗೊತ್ತಾಗಿದ್ದು, ಮಿಷನ್ನು 180/100 ತೋರಿಸಿದಾಗ. ಸಲಹೆ ಭಾವನದು. ಇಂಥ ಪದವಿಯಿಲ್ಲದ ಡಾಕ್ಟರು ದಾವಣಗೆರೆಯಲ್ಲಿ ಮನೆಗೊಬ್ಬರಿದ್ದಾರೆ.

ಡಾಕ್ಟರು ಚಿಕ್ಕ ಹುಡುಗ. ನಗಲಿಲ್ಲ, ಗದರಲಿಲ್ಲ. "ನಿಮ್ ಗದ್ದೆ ಎಲ್ಲಿ?" ಅಂದರು. ಭದ್ರಾ ನಾಲೆಯ ಕೊನೇ ಭಾಗ ಅಂತ ಗೊತ್ತಾದದ್ದೇ ಸಾಕಾಯಿತು.

"ಹಾರ್ಟು ಹಿಂಡಿಕೊಳ್ಳುವಾಗ ತನ್ನ ಗೋಡೆಯೊಳಗಿನ ನಾಳಗಳನ್ನೂ ಹಿಚುಕುತ್ತೆ. ಅದರ ಎಡಭಾಗಕ್ಕೆ ರಕ್ತ ಸಿಗೋದು ಹೆಚ್ಚಾಗಿ ಎರಡು ಬಡಿತದ ನಡುವೆ, ಅದು ಸಡಿಲಾದಾಗ. ಬಿಪಿ ಜಾಸ್ತಿಯಾದ್ರೆ ಅದಕ್ಕೆ ಎದುರಾಗಿ ಇನ್ನೂ ಜೋರಾಗಿ ಹಿಂಡಬೇಕು. ದುಡಿಮೆ ಹೆಚ್ಚಿದಂಗೆ ಆಮ್ಲಜನಕವೂ ಹೆಚ್ಚು ಬೇಕು. ವರ್ಷಗಟ್ಟಲೆ ಹಿಂಗೇ ನಡೆದ್ರೆ ಗೋಡೆ ದಪ್ಪ ಆಗುತ್ತೆ. ಗದ್ದೆ ಹೆಚ್ಚಾಯ್ತು, ನಾಲೆ ಅಷ್ಟೇ. ಮೇಲಿಂದ ಆ ಒತ್ತಡಕ್ಕೆ ನಾಳದ ಒಳಪದರ ಕೆಟ್ಟು ಕೊಬ್ಬು ಕೂರುತ್ತೆ, ಹೂಳು ತುಂಬಿದಂಗೆ."

"ಹಂಗಾರೆ ಮೊದಲು ಒಣಗೋನು ಯಾರು?"

"ಹಾರ್ಟಿನ ಗೋಡೆಯ ಒಳಪದರ. ಅದೇ ಕೊನೇ ತೂಬು."

ಅಪ್ಪ ಸುಮ್ಮನಾದರು. ಡಾಕ್ಟರು ಮುಂದುವರಿಸಿದರು: "ಆದ್ರೂ ನಿಮ್ ಪ್ರಶ್ನೆ ಅರ್ಧ ಸರಿ ಯಜಮಾನ್ರೇ. ಬಿಪಿಯ ಕೆಳಗಿನ ನಂಬರ್ ತೀರಾ ಇಳಿದ್ರೂ ಹಾರ್ಟಿಗೆ ರಕ್ತ ಕಮ್ಮಿ ಆಗಬಹುದು. ಅದಕ್ಕೇ ಮಾತ್ರೆ ಬಿಡೋದೂ ಬೇಡ, ನೀವೇ ಎರಡೆರಡು ನುಂಗೋದೂ ಬೇಡ."

ಜೋರಾಗಿ ನುಗ್ಬೇಕಲ್ರೀ! ಅಪ್ಪನ ಲೆಕ್ಕದಲ್ಲಿ ಒತ್ತಡ ಯಾವತ್ತೂ ಕೆಟ್ಟದ್ದಾಗಿರಲಿಲ್ಲ. ನೀರಾವರಿ ಕಚೇರಿಯಲ್ಲಿ ಕೂಗಾಡಿದರೇ ಗದ್ದೆಗೆ ನೀರು. ನನ್ನನ್ನು ಗದರಿ ಗದರಿಯೇ ಇಂಜಿನಿಯರ್ ಮಾಡಿದ್ದು. ಅಮ್ಮನ ಹತ್ತಿರವೂ ಅದೇ ದನಿ, ಚಹಾ ಎರಡು ನಿಮಿಷ ತಡವಾದರೆ ಸಾಕು. ಅವರನ್ನು ದೂರಲು ಬಾಯಿ ಬರುವುದಿಲ್ಲ, ಅವರಪ್ಪನೂ ಹಾಗೇ ಇದ್ದರಂತೆ.

ವಾಪಸ್ ಬರುವಾಗ ಮೆಣಸಿನಕಾಯಿ ಮಂಡಕ್ಕಿ ಅಂಗಡಿ ಕಡೆ ಅಪ್ಪ ತಿರುಗಿಯೂ ನೋಡಲಿಲ್ಲ. ಹೆದರಿದ್ದಾರೆ ಅಂತ ಅಲ್ಲೇ ಗೊತ್ತಾಯಿತು.

ಅಮ್ಮನ ಬಿಪಿಯನ್ನು ಇದುವರೆಗೆ ಯಾರೂ ನೋಡಿಸಿಲ್ಲ ಅನ್ನೋದು ನನಗೆ ಹೊಳೆದದ್ದು ರಾತ್ರಿ, ಎಲ್ಲರ ಊಟ ಮುಗಿದ ಮೇಲೆ ಆಕೆ ತಟ್ಟೆ ಹಾಕಿಕೊಂಡಾಗ. ನಾಳೆ ಹೋಗೋಣ ಬಾ ಅಂದೆ.

"ನಂಗೇನಾಗೈತಿ? ನಿಮ್ಮಪ್ಪನ ಮಾತ್ರೆ ಎಲ್ಲಿಟ್ಟೆ, ಅದನ್ ಹೇಳು."